ಮಾನ್ವಿಯಲ್ಲಿ ರಾಣಿಗೆ ವನ್ಸ್ ಮೋರ್

ನೀವು ಎಂಥೆಂಥ ನಟರನ್ನು ನೋಡಿದ್ದೀರೋ ನನಗೆ ಗೊತ್ತಿಲ್ಲ. ಆದರೆ ಮಾನ್ವಿಯಲ್ಲಿ ಈ ಉರುಕುಂದಪ್ಪ, ಅಂದರೆ ನಾನೇ, ರಾಣಿ ಪಾರ್ಟು ಮಾಡಿದ್ದನ್ನು ನೋಡಿಲ್ಲ ಅಂದರೆ ನಿಮಗೆ ಕಣ್ಣಿದ್ದೂ ದಂಡ. ಜನ ಎದ್ದು ನಿಂತು ‘ವನ್ಸ್ ಮೋರ್’ ಕೂಗಿದರು ಸ್ವಾಮಿ! ಆಗಿನ್ನೂ ನಿಜಾಮರ ಕಾಲ. ನನಗೆ ಮೀಸೆ ಚಿಗುರುವ ವಯಸ್ಸು.

ಸಿದ್ದರಾಮಪ್ಪನ ನಾಟಕ ಕಂಪನಿ ದೇವದುರ್ಗಕ್ಕೆ ಬಂದಾಗ ರಾಣಿ ಪಾರ್ಟಿನವನು ಓಡಿಹೋಗಿದ್ದ. ನಾನು ಮೀಸೆ ಬೋಳಿಸಿಕೊಂಡು ಹೋಗಿ ನಿಂತೆ. ರಾಯಚೂರಿನ ಟಾಕೀಸಿನಲ್ಲಿ ಕಲಿತ ಡೈಲಾಗೆಲ್ಲ ಒದರಿದೆ. ಆಮೇಲೆ ಹಾಡಿದೆ. ಪೇಟಿ ಮಾಸ್ತರರು ಹಾರ್ಮೋನಿಯಂ ಮುಚ್ಚಿಬಿಟ್ಟರು.

“ಮಾಲಕ್ರೀ, ಈ ಹುಡುಗನ ಗಂಟಲದಾಗ ಎತ್ತಿನ ಬಂಡಿ ಹೊಂಟದ. ನಮ್ಮ ಕಸಾ ಹೊಡಿಯೋ ಹುಲಗೆಮ್ಮ ಎಂಥಾ ಹಾಡ್ತಾಳ! ಆಕೀನ್ನ ತಗೋರಿ.”

“ಆಕಿ ಬಣ್ಣ ನೋಡಿರೇನು? ರಾಣಿ ಅಂದ್ರ ಕೆಂಪಗಿರಬೇಕು. ಜನ ಮಾರಿ ನೋಡಾಕ ಬರ್ತಾರ,” ಎಂದ ಸಿದ್ದರಾಮಪ್ಪ. ಅವನ ಮುಖವೋ ಸುಟ್ಟ ಬದನೆಕಾಯಿ. ನನ್ನತ್ತ ತಿರುಗಿ, “ಮಾನ್ವ್ಯಾಗ ವನ್ಸ್ ಮೋರ್ ಬಂದ್ರ ರಾಯಚೂರಾಗೂ ನೀನ ರಾಣಿ. ಇಲ್ಲಂದ್ರ ಮನಿಗಿ ನಡಿ,” ಎಂದ.

ನಾನು ನೇರ ಹುಲಗೆಮ್ಮನ ಹತ್ತಿರ ಹೋದೆ.

“ಯಕ್ಕಾ, ಟಾಕೀಸಿನ್ಯಾಗ ಒಬ್ರು ಬಾಯಿ ಬಿಡ್ತಾರ, ಇನ್ನೊಬ್ರು ಹಾಡ್ತಾರ. ನೀ ಪರದಿ ಹಿಂದ ಕುಂದ್ರು.”

“ಮಾರಿ ನಿಂದು, ಗಂಟಲಾ ನಂದು?” ಎಂದು ಅವಳು ಪೊರಕೆ ಕೆಳಗಿಟ್ಟಳು. “ಆಗ್ಲೇಳು, ಮಂದಿ ಮುಂದ ಒಮ್ಮಿ ಹಾಡಿದಂಗಾತು. ಬಾಯಿ ಭಾಳ ತೆರೀಬ್ಯಾಡ ಮತ್ತ, ನೊಣ ಹೊಕ್ಕೀತು.”

ಮಾನ್ವಿಯಲ್ಲಿ ಅವಳು ಹಾಡಿದಳು, ನಾನು ತುಟಿ ಆಡಿಸಿದೆ. ಹಾಡು ಮುಗಿಯುವುದೇ ತಡ, ‘ವನ್ಸ್ ಮೋರ್!’ ಹಾಗೆ ಕೂಗು ಬಿದ್ದರೆ ಪಾತ್ರಧಾರಿ ರಂಗದ ಅಂಚಿಗೆ ಬಂದು ಅದೇ ಹಾಡನ್ನು ಮತ್ತೆ ಹಾಡಬೇಕು. ಬಂದೆ. ಮಾಸ್ತರರು ಪೇಟಿ ನುಡಿಸಿದರು, ಒಳಗೆ ಹುಲಗೆಮ್ಮ ಹಾಡು ಎತ್ತಿಕೊಂಡಳು. ಆ ಚಪ್ಪಾಳೆ, ಆ ಸಿಳ್ಳೆ ನನ್ನ ತಲೆಗೇರಿತು. ಎದೆಗೆ ಕೈಯಿಟ್ಟು ಅಬ್ಬರಿಸಿಬಿಟ್ಟೆ:

“ಪ್ರಾಣನಾಥಾ! ಈ ಅಬಲೆಯ ಮೌನವೇ ನಿಮಗೆ ಉತ್ತರ!”

ಹಿಂದೆ ಹಾಡು ನಡೆದೇ ಇತ್ತು.

“ಲೇ, ರಾಣಿಗಿ ಎರಡು ಬಾಯಿ ಅದಾವೇನಲೇ?” ಎಂದ ಮುಂದೆ ಕೂತಿದ್ದ ಒಬ್ಬ. “ಪರದಿ ಎತ್ರೋ!”

ಪರದೆ ಎದ್ದಿತು. ಬಟ್ಟೆಯ ಪೆಟ್ಟಿಗೆ ಮೇಲೆ ಕೂತ ಹುಲಗೆಮ್ಮ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದಳು. ಜನ ಅವಳನ್ನೇ ಮುಂದಕ್ಕೆ ಕರೆದು, ಮೊದಲಿನಿಂದ ಹಾಡಿಸಿದರು. ಮರುದಿನ ಸಿದ್ದರಾಮಪ್ಪ, “ರಾಣಿ ಆರಿಸೋದಾದ್ರ ಗಂಟಲಾ ನೋಡಬೇಕ್ರೀ, ನಾ ಮೊದಲಿಂದ ಹೇಳಾಕತ್ತೀನಿ,” ಎಂದು ಊರೆಲ್ಲ ತಿರುಗಿದ. ರಾಯಚೂರಿನಲ್ಲಿ ರಾಣಿಯಾದವಳು ಹುಲಗೆಮ್ಮ.

ಹೋಗಲಿ, ನಿಜ ಹೇಳಿಬಿಡುತ್ತೇನೆ. ಜನ ಎದ್ದು ನಿಂತು ವನ್ಸ್ ಮೋರ್ ಕೂಗಿದ್ದು ಅವಳಿಗೆ. ನನಗೂ ಎದ್ದು ನಿಂತಿದ್ದರು, ಸುಳ್ಳಲ್ಲ. ಕಾಲಿನ ಚಪ್ಪಲಿ ಕೈಗೆ ತೆಗೆದುಕೊಳ್ಳುವುದಕ್ಕೆ.