ಮುಷ್ಟಿಯಲ್ಲಿದ್ದ ಕಾಸು

"ಬಲವಂತ ಮಾಡ್ಬೇಡ ಕಣೋ, ಬೆರಳು ಮುರಿದುಬಿಟ್ಟೀಯ," ಎಂದಳು ಸತ್ತವನ ಅಕ್ಕ.

ಅವಳ ಕಿರಿಯ ತಮ್ಮ ಬಿಸಿನೀರಲ್ಲಿ ಅದ್ದಿದ ಟವೆಲ್ಲನ್ನು ಅಣ್ಣನ ಬಲಗೈಗೆ ಸುತ್ತಿ ಹಿಡಿದುಕೊಂಡಿದ್ದ. ಎಡಗೈ ಆಗಲೇ ಹೇಳಿದ ಮಾತು ಕೇಳಿ ಎದೆಯ ಮೇಲೆ ಬಂದು ಮಲಗಿತ್ತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಇತ್ತು. ಅಂಗಿಯ ತೋಳು ತೂರಿಸಬೇಕಾದರೆ ಅದು ಬಿಡಲೇಬೇಕು.

ಸತ್ತವನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಬೆಳಗ್ಗೆ ಎಬ್ಬಿಸಲು ಹೋದಾಗ ಅವಳು ಮೊದಲು ಮುಟ್ಟಿದ್ದು ಅದೇ ಕೈಯನ್ನು. ದಿಂಬಿನ ಅಡಿಯಲ್ಲಿತ್ತು, ತಣ್ಣಗೆ.

"ಬಂತು, ಬಂತು," ಎಂದ ಮೈದುನ. ಹೆಬ್ಬೆರಳು ಸಡಿಲಿತು, ಅದರ ಹಿಂದೆಯೇ ಉಳಿದ ಬೆರಳುಗಳು. ಟಣ್ ಎಂದು ಏನೋ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಮಂಚದ ಕಾಲಿಗೆ ತಗುಲಿ ಮಲಗಿತು.

ಮೈದುನ ಬಗ್ಗಿ ಎತ್ತಿಕೊಂಡ. ಹಳೇ ತಾಮ್ರದ ಕಾಸು. ಯಾವುದೋ ಕಾಲದ ರಾಜನ ತಲೆ, ಮೂಗು ಸವೆದಿತ್ತು.

"ನೋಡಿದ್ರಾ! ಪ್ರಾಣ ಬಿಟ್ಟ, ಕಾಸು ಬಿಡ್ಲಿಲ್ಲ ನಮ್ಮಣ್ಣ." ಅವನೇ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಹಜಾರದಲ್ಲಿದ್ದವರಲ್ಲೂ ಇಬ್ಬರು ಮೂವರು ನಕ್ಕರು. ಅಕ್ಕ ಗದರಿದಳು: "ಬಾಯ್ಮುಚ್ಚೋ. ಸುಮ್ನೆ ಹೇಳ್ತಿದ್ರಾ ಬಸ್ ಡಿಪೋದಲ್ಲಿ ಕಾಸಣ್ಣ ಅಂತ?"

ಹೆಂಡತಿ ನಗಲಿಲ್ಲ. ಅವಳು ಕೇಳುತ್ತಿದ್ದುದು ಆ ಶಬ್ದವನ್ನು. ವರ್ಷಗಳಿಂದ ಅರೆನಿದ್ದೆಯಲ್ಲಿ ಕೇಳಿಸುತ್ತಿತ್ತು ಅದು: ಒಂದೇ ಒಂದು ಟಣ್, ಆಮೇಲೆ ಏನೂ ಇಲ್ಲ. ನೀರಿನ ಪೈಪು ಅಂದುಕೊಂಡಿದ್ದಳು. ಒಮ್ಮೆ ಪೈಪಿನವನನ್ನು ಕರೆಸಿಯೂ ಇದ್ದಳು. ಅವನು ಎಲ್ಲ ಬಿಚ್ಚಿ ನೋಡಿ, ಏನೂ ಆಗಿಲ್ಲವಲ್ಲಮ್ಮ ಎಂದು ಹೋಗಿದ್ದ. ಗಂಡ ಅಲ್ಲೇ ಕುರ್ಚಿಯ ಮೇಲೆ ಕೂತು ಪೇಪರು ಓದುತ್ತಿದ್ದ.

ಈಗ ತೆರೆದ ಅಂಗೈಯ ನಡುವೆ ದುಂಡನೆಯ ಕಲೆ ಕಾಣುತ್ತಿತ್ತು. ಹಸಿರೂ ಅಲ್ಲದ, ಕಪ್ಪೂ ಅಲ್ಲದ ಬಣ್ಣ. ಮೈದುನ ಟವೆಲ್ಲಿನಿಂದ ತಿಕ್ಕಿದ. ಹೋಗಲಿಲ್ಲ.

*

ಗಂಡ ಬಸ್ ಕಂಡಕ್ಟರ್ ಆಗಿದ್ದ. ಜನ ಕೊಡುವ ಚಿಲ್ಲರೆಯಲ್ಲಿ ಎಲ್ಲೋ ಅಪರೂಪಕ್ಕೆ ಹಳೇ ಕಾಸು ಬರುತ್ತಿತ್ತು. ತನ್ನ ಜೇಬಿನಿಂದ ಹೊಸ ನಾಣ್ಯ ಚೀಲಕ್ಕೆ ಹಾಕಿ, ಅದನ್ನು ಮನೆಗೆ ತರುತ್ತಿದ್ದ. ಆಮೇಲೆ ರಜೆಯ ದಿನಗಳಲ್ಲಿ ನಾಣ್ಯದ ಅಂಗಡಿಗೆ ಹೋಗಿ ಕೊಳ್ಳಲೂ ತೊಡಗಿದ. ಸಿಗರೇಟು ಬಿಟ್ಟ. ಮಖಮಲ್ಲು ಹಾಸಿದ ಮರದ ಪೆಟ್ಟಿಗೆ ಮಾಡಿಸಿದ.

"ತೂತು ಕಾಸಿಗೂ ಬಾಳಲ್ಲ ಅಂತ ಬೈತಾರಲ್ಲ, ನೋಡು, ಈ ತೂತು ಕಾಸಿಗೆ ನನ್ನ ತಿಂಗಳ ಸಂಬಳ ಕೊಡ್ತಾರೆ," ಎನ್ನುತ್ತಿದ್ದ ಮಗಳಿಗೆ. "ಇದೆಲ್ಲ ನಿನ್ನ ಓದಿಗೆ. ಬ್ಯಾಂಕಲ್ಲಿಟ್ಟ ದುಡ್ಡು ಅಷ್ಟೇ ಇರತ್ತೆ. ಇವು ಪೆಟ್ಟಿಗೇಲಿ ಮಲಗಿದ್ದಲ್ಲೇ ಬೆಳೀತವೆ."

ಹೆಂಡತಿಗೆ ಅವು ಕೊಳಕಾಗಿ ಕಂಡಿದ್ದವು. ಕಂದು ಬಣ್ಣಕ್ಕೆ ತಿರುಗಿ, ಒಲೆಯ ಪಕ್ಕದ ಗೋಡೆಯ ಹಾಗೆ. ಅವನು ಹರ್ನಿಯಾ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದ ವಾರ ಅವಳಿಗೆ ಮನೆಯಲ್ಲಿ ಕೈಕಾಲು ಆಡಲಿಲ್ಲ. ಭಯಕ್ಕೆ ಏನಾದರೂ ಕೆಲಸ ಬೇಕಿತ್ತು. ಪೆಟ್ಟಿಗೆ ತೆಗೆದು, ನಿಂಬೆಹಣ್ಣು ಉಪ್ಪು ಹಾಕಿ ಒಂದೊಂದನ್ನೇ ತಿಕ್ಕಿದಳು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ರಾಜನ ಕಿವಿಯ ಸಂದಿಯನ್ನೂ ಬಿಡಲಿಲ್ಲ. ಎಲ್ಲ ಎಳೆಬಿಸಿಲಿನ ಹಾಗೆ ಹೊಳೆದವು. ಸಂಜೆ ಆಸ್ಪತ್ರೆಗೆ ಹೋದಾಗ, ಗುಣವಾಗಿ ಬನ್ನಿ, ಮನೇಲಿ ಒಂದು ಸೋಜಿಗ ಇದೆ, ಎಂದಳು.

ಬಂದವನು ಪೆಟ್ಟಿಗೆ ತೆಗೆದ. ಮುಚ್ಚಳ ಹಿಡಿದುಕೊಂಡೇ ನಿಂತ.

"ಹೇಗಿದೆ?"

ಅವನು ಒಂದು ಕಾಸನ್ನು ಎತ್ತಿ ಬೆಳಕಿಗೆ ಹಿಡಿದ, ಮತ್ತೆ ಅದರ ಗುಳಿಯಲ್ಲಿಟ್ಟ. "ಕನ್ನಡಿ ಆಗಿವೆ," ಎಂದ. "ಕೈ ನೋವಾಯ್ತೇನೆ?"

ಮರುವಾರ ನಾಣ್ಯದ ಅಂಗಡಿಗೆ ಹೋಗಿ ಬಂದು, ಅವರೂ ಹೊಗಳಿದರು ಎಂದ. ಮಗಳು ನರ್ಸಿಂಗ್ ಕಾಲೇಜು ಸೇರುವಾಗ, ಎರಡು ಕಾಸು ಮಾರಿದೆ ಎಂದ. ಎರಡನೇ ವರ್ಷ ಮತ್ತೆರಡು. ಆ ವರ್ಷಗಳಲ್ಲಿ ಅವನಿಗೆ ಡಿಪೋದಲ್ಲಿ ಬಿಡುವೇ ಇರಲಿಲ್ಲ. ಜನ ಕಡಿಮೆ ಇದ್ದಾರೆ ಎಂದು ಎರಡೆರಡು ಪಾಳಿ ಮಾಡುತ್ತಿದ್ದ.

ಅವಳಿಗೆ ತಿಳಿದದ್ದು ಬಹಳ ತಡವಾಗಿ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ. ಟೀವಿಯಲ್ಲಿ ಯಾರೋ ಹೇಳುತ್ತಿದ್ದ: ಹಳೇ ನಾಣ್ಯವನ್ನು ಎಂದೂ ತಿಕ್ಕಬೇಡಿ, ಆ ಬಣ್ಣವೇ ಅದರ ಚರ್ಮ, ಸುಲಿದರೆ ಸತ್ತಹಾಗೆ. ಅವಳು ಹಲ್ಲು ತೋರಿಸದೆ ಎದ್ದು ಬಂದಳು.

ಅವನಿಗೆ ಗೊತ್ತಿಲ್ಲ ಅಂದುಕೊಳ್ಳಲು ನೋಡಿದಳು. ಮಾರಿದ್ದನಲ್ಲ! ಆದರೆ ಅಂದಿನಿಂದ ಊಟ ಬಡಿಸುವಾಗ, ಬಟ್ಟೆ ಮಡಿಸುವಾಗ ಅವನ ಮುಖವನ್ನೇ ಕಾಯತೊಡಗಿದಳು. ಎಲ್ಲಾದರೂ ಒಂದು ಸಿಟ್ಟಿನ ಗೆರೆ ಕಂಡರೆ ಸಾಕು, ಬಾಯಿಬಿಟ್ಟು ಕೇಳಬಹುದಿತ್ತು. ಕಾಣಲಿಲ್ಲ.

*

"ನಾಣ್ಯದಂಗಡಿಯವರು ಬಂದ್ರು," ಎಂದಳು ಮಗಳು.

ಮುದುಕರು ಬಾಗಿಲಲ್ಲಿ ಛತ್ರಿ ಇಟ್ಟು, ಚಪ್ಪಲಿ ಬಿಟ್ಟು, ಸ್ನೇಹಿತನ ಪಾದದ ಬಳಿ ಸ್ವಲ್ಪ ಹೊತ್ತು ಕೂತರು. ಮೈದುನ ಅವರು ಏಳುವುದನ್ನೇ ಕಾಯುತ್ತಿದ್ದ.

"ಯಜಮಾನ್ರೇ, ಹೇಗೂ ಬಂದಿದ್ದೀರಿ. ಎಲ್ಲರೂ ಇದ್ದಾರೆ. ಪೆಟ್ಟಿಗೆ ಒಂದ್ಸಲ ನೋಡಿಬಿಟ್ರೆ, ಅತ್ತಿಗೆಗೂ ಒಂದು ಧೈರ್ಯ."

"ಈಗ ಬೇಡ," ಎಂದಳು ಹೆಂಡತಿ. ಮಾತು ಬೇಕಾದದ್ದಕ್ಕಿಂತ ಜೋರಾಗಿ ಬಂತು. ಎಲ್ಲರೂ ತಿರುಗಿ ನೋಡಿದರು.

"ಯಾಕೆ ಅತ್ತಿಗೆ? ನಾನೇನು ಪಾಲು ಕೇಳ್ತೀನಾ?"

ಅವನು ಆಗಲೇ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿಯಾಗಿತ್ತು. ಇನ್ನೇನು ಮುದುಕರು ಹೇಳುತ್ತಾರೆ, ಯಾರು ತಿಕ್ಕಿದ್ದು ಇದನ್ನು ಎಂದು. ಮಗಳು ತಿರುಗಿ ನೋಡುತ್ತಾಳೆ. ಅಲ್ಲಿ ಮಲಗಿರುವವನಿಗೂ ಕೇಳಿಸುತ್ತದೆ.

ಮುದುಕರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಮುಚ್ಚಳ ಹಾಕಿದರು.

"ಮನುಷ್ಯ ಇನ್ನೂ ಮನೇಲೇ ಇದ್ದಾನಪ್ಪ. ಅವನ ಎದುರಿಗೆ ನಾನು ಬೆಲೆ ಕಟ್ಟಲ್ಲ." ಅವಳ ಕಡೆ ತಿರುಗಿದರು. "ಒಂದು ಲೋಟ ನೀರು ಕೊಡ್ತೀಯೇನಮ್ಮ?"

ಅಡುಗೆಮನೆಗೆ ಅವಳ ಹಿಂದೆಯೇ ಬಂದರು. ನೀರು ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ನಿಂತರು.

"ನಿನಗೆ ಗೊತ್ತಿದೆ ಅಲ್ವಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಅವನಿಗೂ ಅನುಮಾನ ಇತ್ತು, ನಿನಗೆ ಗೊತ್ತಾಗಿದೆ ಅಂತ. ಹಲ್ಲಿನ ಡಾಕ್ಟರ ಹತ್ರ ಹೋಗಿ ಬಂದ್ಲು, ಆಮೇಲೆ ಕಾಸಿನ ಮಾತು ಎತ್ತಿದ್ರೆ ಬೇರೆ ಕಡೆ ನೋಡ್ತಾಳೆ ಅಂದಿದ್ದ."

"ನಾಲ್ಕು ಕಾಸು ಮಾರಿದ್ರಲ್ಲ, ನಿಮ್ಮ ಹತ್ರ."

"ಒಂದೂ ಮಾರಿಲ್ಲ. ಹೊಳೆಯೋ ಕಾಸನ್ನ ನಾನಾದ್ರೂ ಯಾರಿಗೆ ಕೊಡ್ಲಿ? ಆ ನಾಲ್ಕೂ ನನ್ನ ಅಂಗಡಿ ಮೇಜಿನ ಡ್ರಾದಲ್ಲೇ ಇವೆ, ನೀನು ಪೆಟ್ಟಿಗೆ ತೆಗೆದು ನೋಡ್ತೀಯ ಅಂತ ಅಲ್ಲಿಟ್ಟಿದ್ದ." ಅವರು ದನಿ ತಗ್ಗಿಸಿದರು. "ಮೊದಲನೇ ದಿನ ಪೆಟ್ಟಿಗೆ ಹೊತ್ಕೊಂಡು ಬಂದು ಕೇಳಿದ್ದು ಒಂದೇ ಮಾತು. ಮತ್ತೆ ಬಣ್ಣ ಬರತ್ತಾ ಅಂತ. ಬರತ್ತಪ್ಪ, ಮನುಷ್ಯರ ಕೈಬೆವರಲ್ಲಿದ್ದು ಇದ್ದು, ವರ್ಷಗಟ್ಟಲೆ ಬೇಕು, ಆದ್ರೆ ಬೆಲೆ ಬರಲ್ಲ ಅಂದೆ. ಬೆಲೆ ಯಾರಿಗೆ ಬೇಕು ಸಾರ್, ಅಂದ. ಅವಳು ಯಾವತ್ತಾದ್ರೂ ಅಳ್ತಾ ಬಂದು ಕೇಳಿದ್ರೆ, ಏನೂ ಹಾಳಾಗಿಲ್ಲ ಕಣೆ, ನೋಡು ಅಂತ ತೆಗೆದು ತೋರಿಸ್ಬೇಕು ಅಂದ."

ಹಜಾರದಲ್ಲಿ ಟಣ್ ಎಂದಿತು. ಅವಳು ಬೆಚ್ಚಿ ತಿರುಗಿದಳು. ಮುದುಕರು ತಿರುಗಲಿಲ್ಲ.

"ಕೇಳಿಸ್ತಾ ನಿಮಗೆ?"

"ಏನಮ್ಮ?"

*

ವಾಹನ ಬಂತು. ಅವನನ್ನು ಎತ್ತುವ ಮೊದಲು ಅವಳು ಪೆಟ್ಟಿಗೆ ತೆಗೆದು ನೋಡಿದಳು. ಮೇಲಿನ ಸಾಲುಗಳಲ್ಲಿದ್ದವು ಕಂದು ಬಣ್ಣಕ್ಕೆ ತಿರುಗಿದ್ದವು, ಬಳಸಿದ ಮರದ ಹಿಡಿಯ ಹಾಗೆ. ಕೊನೆಯ ಸಾಲು ಇನ್ನೂ ಹೊಳೆಯುತ್ತಿತ್ತು. ಮಾರಿದೆ ಎಂದಿದ್ದ ನಾಲ್ಕರ ಗುಳಿಗಳಲ್ಲದೆ, ನಡುವೆ ಇನ್ನೊಂದು ಗುಳಿ ಖಾಲಿ.

"ಆ ಕಾಸು ಎಲ್ಲಿ?"

ಮೈದುನ ಜೇಬು ತಡವಿದ. "ಇಲ್ಲೇ ಇದೆ ಅತ್ತಿಗೆ. ಅಣ್ಣನ ಜೊತೇಲೇ ಕಳಿಸೋಣ ಅಂತಿದ್ದೆ. ಅಷ್ಟು ಪ್ರೀತಿಯಿಂದ ಹಿಡ್ಕೊಂಡಿದ್ದ."

"ಕೊಡು ಇಲ್ಲಿ."

ಅಕ್ಕ ತನ್ನ ಪಕ್ಕದವಳ ಮುಖ ನೋಡಿದಳು. ಗಂಡನನ್ನು ಮೀರಿಸಿದಳು ಇವಳು ಎನ್ನುವಂತಿತ್ತು ಆ ನೋಟ. ಹೆಂಡತಿ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಕಾಸನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ರಾಜನ ಕೆನ್ನೆಗೆ, ಕತ್ತಿಗೆ ಬಣ್ಣ ಹತ್ತಿತ್ತು. ಕಿವಿಯ ಸಂದಿಯಲ್ಲಿ ಮಾತ್ರ, ಅವಳ ಬ್ರಷ್ಷು ಹೊಕ್ಕಿದ್ದಲ್ಲಿ, ಇನ್ನೂ ಒಂದು ಹೊಳಪು.

ಎಲ್ಲರೂ ಹೋಗಿ ಬಂದ ಮೇಲೆ ಹಜಾರ ತೊಳೆದರು. ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟರು. ಅವಳು ಮಂಚದ ಅವನ ಬದಿಯಲ್ಲಿ ಕೂತಿದ್ದಳು. ಮನೆ ನಿಶ್ಶಬ್ದವಾಗಿತ್ತು, ಪೈಪು ಕೂಡ.

ಮಗಳು ಚಹಾ ತಂದಳು. "ಅಮ್ಮ, ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ ನೀನು. ಹಿಡಿ, ಬಿಸಿ ಇದೆ, ಎರಡೂ ಕೈಲಿ ಹಿಡಿ."

ಅವಳು ಎಡಗೈಯನ್ನಷ್ಟೇ ಚಾಚಿದಳು.