ಮೊದಲ ಅಂಗಿಯ ಕೈಗುಣ

ಗಂಡ ಜೇಹ್ವಾನ್ ತೀರಿಕೊಂಡ ಮೇಲೆ ಬೊರಾಮ್ ಕ್ರೋಶಾ ಕಡ್ಡಿ ಹಿಡಿದಳು. ಮೊದಮೊದಲು ಅವಳಿಗೆ ಬರುತ್ತಿದ್ದದ್ದು ಒಂದೇ, ಪಾತ್ರೆ ತಿಕ್ಕುವ ಬಿಲ್ಲೆ. ಮಿರುಗುವ ನೂಲಿನಲ್ಲಿ ಸ್ಟ್ರಾಬೆರಿ, ಕಲ್ಲಂಗಡಿ ಹೋಳು, ಮೀನು. ಅದನ್ನು ಹೆಣೆಯಲು ತಲೆ ಬೇಕಿಲ್ಲ, ಕೈ ಇದ್ದರೆ ಸಾಕು. ಅವಳಿಗೆ ಬೇಕಿದ್ದದ್ದೂ ಅದೇ. ಹೆಣೆದದ್ದನ್ನೆಲ್ಲ ಹಂಚಿಬಿಡುತ್ತಿದ್ದಳು: ಕನ್ನಡಕದಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರಿಗೆ, ಮೇಲಿನ ಮನೆಯವರಿಗೆ, ಅತ್ತೆಗೆ, ನಾದಿನಿಗೆ. ಕೊನೆಗೆ ಕಟ್ಟಡದ ಕಾವಲುಗಾರ ಅವಳನ್ನು ಕಂಡರೆ ಟೋಪಿ ತೆಗೆದು, "ನಮ್ಮನೇಲಿ ಪಾತ್ರೆಗಿಂತ ಬಿಲ್ಲೆನೇ ಜಾಸ್ತಿ ಆಗಿವೆ, ಸಾಕಮ್ಮಾ" ಎಂದು ಬೇಡಿಕೊಳ್ಳುವಂತಾಯಿತು.

ಕಡಲ ತಡಿಯ ಮೊಕ್ಪೊ ಪೇಟೆಯ ಹಿಂದಿನ ಓಣಿಯಲ್ಲಿ ಮಲ್‌ಸುನ್ ಅಕ್ಕನ ನೂಲಿನ ಅಂಗಡಿ ಇತ್ತು. ಎಪ್ಪತ್ತು ದಾಟಿದ ಹೆಂಗಸು, ಆದರೂ ಎಲ್ಲರಿಗೂ ಅಕ್ಕನೇ. ಗಂಡ ಒಳಕೋಣೆಯಲ್ಲಿ ಕುಸ್ತಿ ನೋಡುತ್ತ ಟೀವಿಗೆ ಬೈಯುತ್ತಿರುತ್ತಿದ್ದ. ಮಕ್ಕಳು ನಾಲ್ವರು, ಮೊಮ್ಮಕ್ಕಳು ಮನೆ ತುಂಬ. ಸಂಜೆಯಾದರೆ ಹೆಂಗಸರು ಅಂಗಡಿಯ, ಕೆಳಗಿನಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಸುತ್ತ ಕೂತು ಹೆಣೆಯುತ್ತಿದ್ದರು. ಬೊರಾಮ್ ಅಲ್ಲಿಯೇ ಕಡ್ಡಿಯಿಂದ ಸೂಜಿಗೆ ಬಂದಳು. ಹೊಲಿಗೆ ಅವಳಿಗೆ ಒಲಿಯಿತು. ಅವಳು ಅಂಚು ಮಡಚಿ ಹೊಲಿದರೆ ದಾರ ಎಲ್ಲಿ ಒಳಗೆ ಹೋಯಿತು, ಎಲ್ಲಿ ಹೊರಗೆ ಬಂತು ಎಂದು ಹುಡುಕಬೇಕು.

ಜೇಹ್ವಾನ್‌ನ ತಂಗಿ ದುನಾ ಬಸುರಿ. ಒಂದು ಬೆಳಿಗ್ಗೆ ಅವಳು ಫೋನ್ ಮಾಡಿದಳು.

"ಅತ್ತಿಗೆ, ಮಗೂಗೆ ಮೊದಲ ಅಂಗಿ ನೀವೇ ಹೊಲೀಬೇಕು."

"ಅಂಗಡೀಲಿ ಒಳ್ಳೊಳ್ಳೇವು ಸಿಗ್ತಾವಲ್ಲ ದುನಾ."

"ಅಂಗಡೀದು ಬೇಡ. ಹೂಂ ಅನ್ನಿ. ನನಗೆ ವಾಂತಿ ಬರ್ತಿದೆ, ಬೇಗ ಹೂಂ ಅನ್ನಿ."

ಬೊರಾಮ್ ಹೂಂ ಅಂದಳು.

ಮೊದಲ ಅಂಗಿಗೆ ಕಾಲರಿಲ್ಲ, ಗುಂಡಿಯಿಲ್ಲ. ಹುಟ್ಟಿದ ಮಗುವಿನ ಮೈಗೆ ಒತ್ತಬಾರದೆಂದು ಹೊಲಿಗೆಯ ಅಂಚೆಲ್ಲ ಹೊರಮೈಗೆ ಬರಬೇಕು. ಕಟ್ಟಲು ಬಟ್ಟೆಯ ಪಟ್ಟಿ ಅಲ್ಲ, ಹತ್ತಿಯ ದಾರವನ್ನೇ ಹಲವು ಎಳೆ ಸೇರಿಸಿ ಹೊಸೆದು ಉದ್ದಕ್ಕೆ ಬಿಡಬೇಕು. ದಾರ ಎಷ್ಟು ಉದ್ದವೋ ಆಯಸ್ಸು ಅಷ್ಟು ಉದ್ದ. ಬೊರಾಮ್ ಬಟ್ಟೆಯನ್ನು ಕುದಿಸಿ, ಬಿಸಿಲಿಗೆ ಹಾಕಿ, ಮತ್ತೆ ಕುದಿಸಿ, ಹೂವಿನ ಎಸಳಿನಷ್ಟು ಮೆತ್ತಗೆ ಮಾಡಿಕೊಂಡು ಅಕ್ಕನ ಅಂಗಡಿಗೆ ತಂದಳು. ಕತ್ತರಿಸಿದ್ದಾಗಿತ್ತು, ಒಂದು ತೋಳು ಕೂಡಿಸಿದ್ದೂ ಆಗಿತ್ತು. ಆಗ ಪಕ್ಕದ ಒಣಮೀನಿನಂಗಡಿಯ ದೊಕಿಮ್ ಕತ್ತು ಚಾಚಿ ನೋಡಿದಳು.

"ಯಾರದಿದು?"

"ನಾದಿನಿ ಮಗೂಗೆ."

ದೊಕಿಮ್‌ಳ ಕಡ್ಡಿಗಳು ನಿಂತವು. "ನೀನು ಹೊಲೀತಿರೋದು ನಿಮ್ಮತ್ತೆಗೆ ಗೊತ್ತಾ?"

"ಯಾಕೆ?"

"ನಾನೇನು ಕೆಟ್ಟದ್ದಕ್ಕೆ ಹೇಳ್ತಿಲ್ಲಮ್ಮ. ಮೊದಲ ಅಂಗಿ ಅಂದ್ರೆ ಗಂಡ, ಮಕ್ಕಳು ತುಂಬ್ಕೊಂಡಿರೋರ ಹತ್ರ ಹೊಲಿಸೋದಲ್ವಾ. ಹೊಲಿದೋರ ಕೈಗುಣ ಮಗೂಗೆ ಅಂಟತ್ತೆ ಅಂತಾರೆ. ಅದೂ ಆ ಹುಡುಗಿಗೆ ಮೊದಲೆರಡು ಬಸುರು ನಿಲ್ಲಲಿಲ್ಲ, ಪಾಪ…"

"ದೊಕಿಮ್," ಎಂದರು ಮಲ್‌ಸುನ್ ಅಕ್ಕ, "ಗೋಣಿ ಹೊಲಿಯೋ ಸೂಜಿ ಇದೆ ನನ್ನ ಹತ್ರ. ನಿನ್ನ ಬಾಯಿ ಅಳತೆಗೆ ಸರಿಹೋಗತ್ತೆ."

ದೊಕಿಮ್ ಮತ್ತೆ ಕಡ್ಡಿ ಆಡಿಸತೊಡಗಿದಳು. ಆದರೆ ಆಡಿದ ಮಾತು ಅಲ್ಲೇ ಕೂತಿತ್ತು.

ಬೊರಾಮ್ ಇಂಥದ್ದನ್ನು ನಂಬಿದವಳಲ್ಲ. ಕಾಲೇಜಿನ ದಿನಗಳಲ್ಲಾಗಿದ್ದರೆ ಗೆಳತಿಯರ ಜೊತೆ ಸೇರಿ ನಕ್ಕುಬಿಡುತ್ತಿದ್ದಳು. ಈಗ ನಗು ಬರಲಿಲ್ಲ. ಮಗುವಿಗೆ ಒಂದು ಸಣ್ಣ ಜ್ವರ ಬಂದರೂ ಅತ್ತೆಯ ಕಣ್ಣು ಅಂಗಿಯ ಮೇಲೆ ಹೋಗುತ್ತದೆ. ಅತ್ತೆ ಬಾಯಿಬಿಟ್ಟು ಏನೂ ಅನ್ನುವವರಲ್ಲ. ಅದೇ ಇನ್ನೂ ಕಷ್ಟ. ಜೇಹ್ವಾನ್ ಹೋದಂದಿನಿಂದ ಅತ್ತೆ ಸೊಸೆ ನಡುವೆ ಉಪ್ಪಿನಕಾಯಿ ಡಬ್ಬಿ ಹೋಗಿಬಂದು ಮಾಡುತ್ತಿತ್ತೇ ಹೊರತು ಮಾತು ಅಷ್ಟಾಗಿ ಇರಲಿಲ್ಲ. ಉಳಿದಿದ್ದ ಆ ಒಂದು ಎಳೆಯೂ ಹರಿದರೆ?

"ಅಕ್ಕಾ, ನೀವೇ ಹೊಲಿದುಕೊಡಿ," ಎಂದಳು ಎಲ್ಲರೂ ಹೋದ ಮೇಲೆ.

ಅಕ್ಕ ತಮ್ಮ ಬೆರಳುಗಳನ್ನು ಅವಳ ಮುಖದ ಮುಂದೆ ಹಿಡಿದರು. ಶುಂಠಿಯ ಹಾಗೆ ಗಂಟುಗಂಟು. "ಈ ಕೈಲಾ? ಮಗು ಅಂಗಿ ಕೇಳಿದ್ರೆ ಮೂಟೆ ಹೊಲ್ಕೊಡ್ತೀನಿ. ಕಡ್ಡಿ ಆದ್ರೆ ಹೇಗೋ ಆಡತ್ತೆ, ಸೂಜಿ ನನಗೆ ಯಾವತ್ತೂ ಬಗ್ಗಿಲ್ಲ."

"ಹಾಗಾದ್ರೆ ನೀವು ಹೊಲಿದ್ರಿ ಅಂತಾದರೂ ಹೇಳ್ತೀನಿ."

"ಸುಳ್ಳು ಹೇಳ್ತೀಯಾ?"

"ಹೇಳ್ತೀನಿ."

ಅಕ್ಕ ನಿಟ್ಟುಸಿರು ಬಿಟ್ಟು ಕನ್ನಡಕ ಹುಡುಕಿದರು. "ಕೊಡಿಲ್ಲಿ. ಒಂದು ಹೊಲಿಗೆ ಹಾಕ್ತೀನಿ. ಆಗ ಪೂರ್ತಿ ಸುಳ್ಳಾಗಲ್ಲ." ಕಂಕುಳ ಕೆಳಗೆ ಒಂದೇ ಒಂದು ಹೊಲಿಗೆ ಹಾಕಿದರು. ಅದು ಕುಡಿದವನು ನಡೆದಂತೆ ಓರೆಯಾಗಿ ಬಂತು. "ಆಯ್ತು. ನನ್ನ ಗಂಡ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ರೊಳಗೆ ಬಂದ್ರು. ಆ ಮುದುಕನ ಗೊರಕೆ ಮಾತ್ರ ಮಗೂಗೆ ಹತ್ತದಿರಲಿ."

ಉಳಿದದ್ದನ್ನೆಲ್ಲ ಬೊರಾಮ್ ಹೊಲಿದಳು. ದಿನ ತುಂಬುವ ಮೊದಲೇ ಅಂಗಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅತ್ತೆಯ ಮನೆಗೆ ಹೋದಳು. ಅತ್ತೆ ಅಂಗಳದ ನಲ್ಲಿಯ ಮುಂದೆ ಕೂತು ಮೀನಿನ ಹುರುಪೆ ಕೀಳುತ್ತಿದ್ದರು. ಕೈ ತೊಳೆದರು, ಮೂಸಿ ನೋಡಿ ಮತ್ತೊಮ್ಮೆ ಸೋಪು ಹಾಕಿ ತೊಳೆದರು, ಒರೆಸಿಕೊಂಡು ಅಂಗಿಯನ್ನು ಬೆಳಕಿಗೆ ಹಿಡಿದರು.

"ಮಲ್‌ಸುನ್ ಅಕ್ಕ ಹೊಲಿದಿದ್ದು," ಎಂದಳು ಬೊರಾಮ್. ಬಾಯಿಪಾಠ ಒಪ್ಪಿಸಿದಂತಿತ್ತು ದನಿ. "ನಾನು ಬರೀ ಬಟ್ಟೆ ಕುದಿಸಿದೆ, ಅತ್ತೆ."

ಅತ್ತೆ ತೋಳು ತಿರುಗಿಸಿ ನೋಡಿದರು, ಹೊಸೆದ ದಾರವನ್ನು ಬೆರಳಿಗೆ ಸುತ್ತಿ ನೋಡಿದರು.

"ಮಲ್‌ಸುನ್ ಹೊಲಿದಳಾ?"

"ಹೂಂ."

"ಸರಿ." ಅಂಗಿಯನ್ನು ಒಳಗೆ ಒಯ್ದರು. ಹೊರಗೆ ಬಂದಾಗ ಕೈಯಲ್ಲಿ ಮೀನಿನ ಪೊಟ್ಟಣವಿತ್ತು. "ಹುರಿದು ತಿನ್ನು. ಸೊರಗಿದ್ದೀಯ."

ಬಸ್ಸಿನಲ್ಲಿ ಬೊರಾಮ್‌ಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವಳು ಹೊಲಿದದ್ದೆಲ್ಲ ಅವಳದಲ್ಲದೆ ಹೋಗಿತ್ತು, ಅಷ್ಟೆ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ದುನಾ ಆಸ್ಪತ್ರೆಯಿಂದ ನೇರ ತವರಿಗೆ ಬಂದಳೆಂದು ಸಂದೇಶ ಬಂತು, ಚಿತ್ರ ಬರಲಿಲ್ಲ. ಬೊರಾಮ್ ಚಿತ್ರ ಕೇಳಲಿಲ್ಲ. ಮಗು ಹುಟ್ಟಿದ ಮನೆಗೆ ಮೂರು ವಾರ ಹೊರಗಿನವರು ಹೋಗುವುದಿಲ್ಲ, ಗಂಡನನ್ನು ಕಳೆದುಕೊಂಡವಳಂತೂ ಹೋಗುವ ಹಾಗೇ ಇಲ್ಲ. ಅವಳು ಮಸೂರಗಳನ್ನು ಒರೆಸುತ್ತ ಅಂಗಡಿಯಲ್ಲೇ ಇದ್ದಳು. ಅಷ್ಟರಲ್ಲಿ ಅತ್ತೆಯ ಫೋನು.

"ಎಲ್ಲಿದ್ದೀಯ?"

"ಕೆಲಸದಲ್ಲಿ. ಮಗು ಹೇಗಿದೆ?"

"ಬಂದು ನೋಡು."

"ಮೂರು ವಾರ ಆಗಲಿ ಅತ್ತೆ. ನಾನು…"

"ಮೂರು ವಾರ ಯಾರಿಗೆ? ಹೊರಗಿನೋರಿಗೆ. ನೀನು ಹೊರಗಿನೋಳಾ? ಬಾ. ಬರ್ತಾ ಸೂಜಿ ತಗೊಂಡು ಬಾ."

ಸೂಜಿ ಎಂದ ಕೂಡಲೇ ಬೊರಾಮ್‌ಳ ಮನಸ್ಸು ಅಂಗಿಯ ಕಡೆ ಹೋಯಿತು. ಏನೋ ಬಿಚ್ಚಬೇಕಾಗಿ ಬಂದಿದೆ ಅಂದುಕೊಂಡಳು. ಅರ್ಧ ದಿನ ರಜೆ ಕೇಳಿ ಹೊರಟಳು.

ಮಾವ ಮೀನು ಹಿಡಿಯಲು ಹೋಗಿದ್ದರು. ಮನೆಯೆಲ್ಲ ಬಾಣಂತಿಗೆ ಕೊಡುವ ಕಡಲಸೊಪ್ಪಿನ ಸಾರಿನ ವಾಸನೆ. ದುನಾ ಗೋಡೆಗೆ ಒರಗಿ ದೊಡ್ಡ ಬಟ್ಟಲಿನಲ್ಲಿ ಅದನ್ನೇ ಕುಡಿಯುತ್ತಿದ್ದಳು.

"ಅತ್ತಿಗೆ, ಕಾಪಾಡಿ! ಬೆಳಿಗ್ಗೆ ಇದೇ, ಮಧ್ಯಾಹ್ನ ಇದೇ. ಇನ್ನೆರಡು ದಿನ ಆದ್ರೆ ನಾನು ಸಮುದ್ರಕ್ಕೆ ಹೋಗಿ ಮೊಟ್ಟೆ ಇಡ್ತೀನಿ."

"ಬಾಯ್ಮುಚ್ಕೊಂಡು ಕುಡಿ," ಎಂದರು ಅತ್ತೆ.

ಮಗು ನೆಲದ ಹಾಸಿಗೆಯ ಮೇಲಿತ್ತು. ಅಂಗಿ ಹಾಕಿತ್ತು. ತೋಳುಗಳು ಕೈಯನ್ನು ಪೂರ್ತಿ ಮುಚ್ಚಿದ್ದವು, ದಾರ ಎದೆಯ ಮೇಲೆ ಒಂದು ಸುತ್ತು ಬಂದು ಪಕ್ಕಕ್ಕೆ ಇಳಿದಿತ್ತು. ಬೊರಾಮ್ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿಯೇ ಮಂಡಿಯೂರಿದಳು.

"ಮುಂದೆ ಬಾ. ಇಲ್ಲಿ ನೋಡು." ಅತ್ತೆ ಮಗುವಿನ ತೋಳನ್ನು ಮೆಲ್ಲಗೆ ಎತ್ತಿ ಕಂಕುಳ ಕೆಳಗಿನ ಓರೆ ಹೊಲಿಗೆಯ ಮೇಲೆ ಬೆರಳಿಟ್ಟರು. "ಇದು ಮಲ್‌ಸುನ್‌ದು. ಶಾಲೇಲಿ ಒಂದೇ ಬೆಂಚು ನಮ್ಮದು. ಅವಳ ಹೊಲಿಗೆಯೆಲ್ಲ ನಾನು ಹಾಕ್ಕೊಡ್ತಿದ್ದೆ, ನನ್ನ ಲೆಕ್ಕ ಅವಳು ಮಾಡ್ಕೊಡ್ತಿದ್ಲು. ಇದೊಂದು ಅವಳದು. ಮಿಕ್ಕಿದ್ದು?"

ಬೊರಾಮ್ ಚೀಲದಲ್ಲಿ ಸೂಜಿ ಹುಡುಕತೊಡಗಿದಳು.

"ಮಿಕ್ಕಿದ್ದು ಯಾರು ಹೊಲಿದಿದ್ದು ಅಂತ ಕೇಳಿದೆ."

"ನಾನು, ಅತ್ತೆ." ಆಮೇಲೆ ಒಂದೇ ಉಸಿರಿಗೆ, "ತಪ್ಪಾಯ್ತು. ಬೇಡ ಅನ್ನಬೇಕಿತ್ತು. ನನ್ನ ಕೈಗುಣ ಮಗೂಗೆ… ಬಿಚ್ಚಿ ಕೊಡಿ, ತಗೊಂಡು ಹೋಗ್ತೀನಿ."

ದುನಾ ಬಟ್ಟಲನ್ನು ಕೆಳಗಿಟ್ಟಳು. "ಅಯ್ಯೋ ಅತ್ತಿಗೆ! ನಿಮ್ಮನ್ನ ಕೇಳು ಅಂದಿದ್ದೇ ಅಮ್ಮ."

ಬೊರಾಮ್ ಅತ್ತೆಯ ಕಡೆ ನೋಡಿದಳು. ಅತ್ತೆ ಮಗುವಿನ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದರು.

"ನಾನೇ ಕೇಳಿದ್ರೆ ನೀನು ಬೇಡ ಅಂತಿದ್ದೆ. ಇವಳಾದ್ರೆ ವಾಂತಿ ಗೀಂತಿ ಅಂತ ನಾಟಕ ಆಡಿ ಒಪ್ಪಿಸ್ತಾಳೆ ಅಂತ ಗೊತ್ತಿತ್ತು."

"ನಾಟಕ ಅಲ್ಲಮ್ಮ, ನಿಜವಾಗ್ಲೂ ವಾಂತಿ ಬರ್ತಿತ್ತು."

"ಆದರೆ ಅತ್ತೆ, ಎಲ್ಲರೂ ಅಂತಾರಲ್ಲ…"

"ಅನ್ನಲಿ." ಅತ್ತೆಯ ಕೈ ನಿಂತಿತು. "ಜೇಹ್ವಾನ್ ಹುಟ್ಟೋವಾಗ ನಾನೂ ಎಲ್ಲರ ಮಾತು ಕೇಳಿದೆ. ಈ ಊರಲ್ಲೇ ಅವಳಷ್ಟು ಅದೃಷ್ಟವಂತೆ ಇಲ್ಲ ಅನ್ನೋ ಹೆಂಗಸನ್ನ ಹುಡುಕಿ, ಕಾಲಿಗೆ ಬಿದ್ದು ಹೊಲಿಸ್ಕೊಂಡು ಬಂದೆ. ಗಂಡ, ಏಳು ಮಕ್ಕಳು, ಎರಡು ದೋಣಿ. ದಾರ ಇಷ್ಟುದ್ದ ಬಿಟ್ಟಿದ್ಲು, ಮೂರು ಸುತ್ತು ಬರ್ತಿತ್ತು." ಸ್ವಲ್ಪ ತಡೆದರು. "ಏನಾಯ್ತು?"

ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು.

"ಅವಳ ಹೊಲಿಗೆ ದೊರಗು. ಮಗು ಕತ್ತಿನ ಹತ್ರ ಕೆಂಪಾಗ್ತಿತ್ತು. ನಾನು ಬಾಯಿಬಿಡಲಿಲ್ಲ. ಈ ಸಲ ಚೆನ್ನಾಗಿ ಹೊಲಿಯೋ ಕೈ ಇರ್ಲಿ ಅಂದ್ಕೊಂಡೆ. ಬರೀ ಅಷ್ಟೇ. ನೀನು ಬಂದು ಮಲ್‌ಸುನ್ ಹೊಲಿದ್ಲು ಅಂದಾಗ ಮೀನಿನಲ್ಲೇ ಹೊಡೀಬೇಕು ಅನ್ನಿಸ್ತು."

"ಆಗಲೇ ಯಾಕೆ ಕೇಳಲಿಲ್ಲ ಅತ್ತೆ?"

"ನೀನೇ ಹೇಳ್ತೀಯ ಅಂತ ಕಾದೆ. ನಿನಗೆ ಫೋನ್ ಮಾಡೋಕೂ ಬರಲ್ವಲ್ಲ."

ಬೊರಾಮ್‌ಗೆ ಅಳು ಬರಬಹುದಿತ್ತು, ಬರಲಿಲ್ಲ. ಬದಲಿಗೆ ಭುಜಗಳು ತಾವಾಗಿಯೇ ಕೆಳಗಿಳಿದವು. ಅಷ್ಟು ದಿನ ಅವನ್ನು ಎತ್ತಿ ಹಿಡಿದಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಮೊಣಕಾಲ ಮೇಲೆಯೇ ಸರಿದು ಮಗುವಿನ ಹತ್ತಿರ ಹೋದಳು. ಕತ್ತಿನ ಸುತ್ತ ನೋಡಿದಳು. ಎಲ್ಲೂ ಕೆಂಪಾಗಿರಲಿಲ್ಲ.

"ಆ ಓರೆ ಹೊಲಿಗೆ ಬಿಚ್ಚಿ ಸರಿ ಮಾಡ್ಲಾ?"

"ಇರಲಿ ಬಿಡು," ಎಂದರು ಅತ್ತೆ. "ಅದೃಷ್ಟ ಅಷ್ಟು ಸಾಕು."

"ಮತ್ತೆ ಸೂಜಿ ಯಾಕೆ ತರಿಸಿದ್ರಿ?"

"ಒಂದೇ ಅಂಗಿ ಕೊಟ್ಟು ಕೂತಿದ್ದೀಯ. ಒಗೆದು ಒಣಗೋ ತನಕ ಇದು ಬೆತ್ತಲೆ ಇರ್ಬೇಕಾ?" ಅತ್ತೆ ಬೀರುವಿನಿಂದ ಕುದಿಸಿ ಮಡಚಿಟ್ಟ ಬಟ್ಟೆ ತಂದು ಅವಳ ತೊಡೆಯ ಮೇಲೆ ಹಾಕಿದರು. "ಇಲ್ಲೇ ಕೂತು ಹೊಲಿ. ಮೊದಲು ಸಾರು ಕುಡಿ."

"ನನ್ನದೂ ನೀವೇ ಕುಡೀರಿ ಅತ್ತಿಗೆ," ಎಂದು ದುನಾ ಬಟ್ಟಲನ್ನು ತಳ್ಳಿದಳು.

ಬೊರಾಮ್ ಸಾರು ಕುಡಿದು ಬಟ್ಟೆ ಕತ್ತರಿಸಿದಳು. ಬೆಚ್ಚನೆಯ ನೆಲ, ಕಿಟಕಿಯ ಬಿಸಿಲು. ಎರಡನೆಯ ತೋಳಿಗೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಒಂದು ಗಳಿಗೆ ಎಂದು ಮಗುವಿನ ಪಕ್ಕ ತಲೆಯಿಟ್ಟಳು. ಅತ್ತ ಫೋನು ಬಡಿದುಕೊಂಡಿತು.

"ಮೆಲ್ಲಗೆ ಮಾತಾಡೇ ಮಲ್‌ಸುನ್," ಎಂದರು ಅತ್ತೆ, ತಾವೇನೂ ಮೆಲ್ಲಗೆ ಮಾತಾಡದೆ. "ಹೂಂ, ನೋಡಿದೆ ನಿನ್ನ ಹೊಲಿಗೆ. ಶಾಲೇಲಿ ಹೇಗಿತ್ತೋ ಹಾಗೇ ಇದೆ… ಯಾರು? ದೊಕಿಮ್ ಕೇಳ್ತಿದ್ದಾಳಾ? ಕೊಡು ಅವಳಿಗೆ ಫೋನು. ನಾನೇ ಹೇಳ್ತೀನಿ… ನಮ್ಮ ಸೊಸೆ ಹೊಲಿದಿದ್ದು ಕಣೇ. ಎರಡನೇದೂ ಅವಳೇ ಹೊಲೀತಿದ್ದಾಳೆ."

ಬೊರಾಮ್ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ ದೊಕಿಮ್ ಏನೆಂದಳೋ, ಅತ್ತೆ ಏನೆಂದರೋ, ಅವಳಿಗೆ ಕೇಳಿಸಲಿಲ್ಲ. ನಿದ್ದೆ ಬಂದುಬಿಟ್ಟಿತ್ತು.