ತಂಗಿಯ ದನಿ ಇದ್ದ ಡ್ರೈವ್

ಮತ್ತೆ ದೀಪ ಹತ್ತಿತು, ನೀಲಿ, ಸಾಸಿವೆ ಕಾಳಿನಷ್ಟು — ಹತ್ತುವುದರಲ್ಲಿ ಈ ಹಾರ್ಡ್ ಡ್ರೈವ್‌ಗೆ ಸೋಮಾರಿತನವೇ ಇಲ್ಲ, ಆದರೆ ಕಂಪ್ಯೂಟರ್ ಮಾತ್ರ ಬಾಗಿಲು ತಟ್ಟಿದ್ದು ಕೇಳಿಸಲೇ ಇಲ್ಲವೆಂಬಂತೆ ಕೂತಿದೆ, ಕಿತ್ತು ಚುಚ್ಚು, ಚುಚ್ಚಿ ಕೀಳು, ಮುಂದಿನ ತೂತು, ಹಿಂದಿನ ತೂತು, ಧೂಳು ಊದಿದ್ದೂ ಆಯಿತು, ಅದು ನನ್ನ ಕಣ್ಣಿಗೇ ಬಿತ್ತು. ತಂಗಿಯ ಗಂಡ ಬೆಳಗ್ಗೆಯೇ ಕೈಚೆಲ್ಲಿ ಕೆಲಸಕ್ಕೆ ಹೋದ, ಅದು ಸತ್ತಿದೆ ಬಿಡಿ ಅಕ್ಕಾ, ಕಂಪ್ಯೂಟರ್ ಅಂಗಡಿಯವನೂ ಹಾಗೇ ಅಂದ — ಅಂಗಡಿಯವನು ನೋಡಿದ್ದಾನೆಯೇ, ಇಲ್ಲ, ಫೋನಿನಲ್ಲೇ ಮರಣೋತ್ತರ ಪರೀಕ್ಷೆ ಮುಗಿಸಿದ, ಸತ್ತದ್ದರ ದೀಪ ಯಾಕಪ್ಪಾ ಹತ್ತುತ್ತದೆ. ಅಡುಗೆಮನೆಯಲ್ಲಿ ತಂಗಿ ಕ್ಯಾರೆಟ್ ಹೆಚ್ಚುತ್ತಿದ್ದಾಳೆ, ಟಕ್ ಟಕ್ ಟಕ್, ಗಂಟಲಿನ ಗಡ್ಡೆಯ ಜೊತೆ ದನಿಯನ್ನೂ ತೆಗೆದ ಮೇಲೆ ಅವಳ ಚಾಕುವಿಗೇ ಬಾಯಿ ಬಂದಿದೆ. ಡ್ರೈವಿಂಗ್ ಕಲಿಸುವವಳು, ಇಡೀ ಬೀದಿಗೆ ಕೇಳುವಂತೆ ಬ್ರೇಕ್ ಬ್ರೇಕ್ ಅನ್ನುತ್ತಿದ್ದವಳು, ಈಗ ಅವಳಿಗೆ ಆಸ್ಪತ್ರೆಯವರು ಟೈಪ್ ಮಾಡಿದರೆ ಮಾತಾಡುವ ಒಂದು ಹಲಗೆ ಕೊಟ್ಟಿದ್ದಾರೆ, ಉಪ್ಪು ಕೊಡು ಎಂದು ಬರೆದರೆ ರೈಲು ತಡವಾಗಿದೆ ಅನ್ನುವ ಹೆಂಗಸಿನ ಗತ್ತಿನಲ್ಲಿ ಅದು ಉಪ್ಪು ಕೇಳಿತು, ನಾನು ನಕ್ಕೆ, ಅವಳು ನಗಲಿಲ್ಲ, ಹಲಗೆಯನ್ನು ಬೋರಲು ಹಾಕಿದಳು, ಅಂದಿನಿಂದ ಅದು ಬೋರಲೇ. ಹಳೇ ರೆಕಾರ್ಡಿಂಗ್ ಇದ್ದರೆ ತನ್ನಿ, ಹಲಗೆಗೆ ಅವರದೇ ದನಿ ಕೂರಿಸಿ ಕೊಡ್ತೀವಿ ಅಂದರು ಆಸ್ಪತ್ರೆಯಲ್ಲಿ, ಅವು ಇದ್ದ ಅವಳ ಫೋನು ಬಕೆಟ್ಟಿಗೆ ಬಿದ್ದು ಹೋಗಿತ್ತು, ಕಲಿಯುವವರಿಗೆಂದು ಅವಳು ಹೇಳಿಟ್ಟ ಪಾಠಗಳೆಲ್ಲ ಇರುವುದು ಈ ಡ್ರೈವ್ ಒಂದರಲ್ಲಿ, ಬೇರೆಲ್ಲೂ ಇಲ್ಲ — ಭಯವಾಗುತ್ತದೆ ನನಗೆ, ಇದೂ ಹೋದರೆ ಅವಳ ದನಿ ಹೇಗಿತ್ತು ಎಂದು ನಾನೇ ಮರೆತುಬಿಡುತ್ತೇನೇನೋ.

ಇನ್ನೊಂದು ಸಲ, ಕಣ್ಣಲ್ಲಿ ಬೇಡ, ಬೆರಳಲ್ಲಿ ನೋಡೋಣ, ಬಟ್ಟೆಯ ತಪ್ಪು ನನಗೆ ಬೆರಳಿಗೇ ಮೊದಲು ಸಿಗುವುದು, ಹೊಲಿದು ಹೊಲಿದು ಬಂದ ಅಭ್ಯಾಸ, ಡ್ರೈವಿನ ಬಾಯಿ ಅಗಲ, ಇಲ್ಲಿ ವಯರಿನ ತುದಿ, ಇಲ್ಲಿ — ಇಲ್ಲಿ ಖಾಲಿ. ಕಾಜ ಎರಡು, ಗುಂಡಿ ಒಂದೇ. ಅಯ್ಯೋ ನಮ್ಮ ಮನೆಯೇ, ಬಿಸ್ಕತ್ತಿನ ಡಬ್ಬಿಯಲ್ಲಿ ಲೋಕದ ವಯರೆಲ್ಲ ತುಂಬಿಟ್ಟು ಕೈಗೆ ಸಿಕ್ಕಿದ್ದನ್ನು ಚುಚ್ಚುವುದು, ಅಮ್ಮ ಡಬ್ಬಿಗಳ ಮುಚ್ಚಳಕ್ಕೆ ಮಾಡಿದ ಕಾನೂನು, ಯಾವುದು ಕೂರುತ್ತೋ ಅದೇ ಅದರ ಮುಚ್ಚಳ ಕಣೇ, ಕೂತಿದೆ ಮಹರಾಯ್ತಿ, ಕೂತಿದೆ, ಆದರೆ ಇದು ಬರೀ ಫೋನ್ ಚಾರ್ಜಿನ ವಯರು, ಕರೆಂಟಿನ ಊಟ ಹಾಕುತ್ತದೆ, ಮಾತಾಡಿಸುವುದಿಲ್ಲ. ಹಾಗಾದರೆ ಡ್ರೈವಿನ ಸ್ವಂತ ವಯರು, ಗಿಡ್ಡ, ದಪ್ಪ, ಅಗಲ ಮೂತಿಯದು, ಡಬ್ಬಿಯಲ್ಲಿಲ್ಲ, ಮೇಜಿನ ಕೆಳಗಿಲ್ಲ, ಎಲ್ಲೋ ನೋಡಿದ್ದೇನೆ, ದಿನಾ ನೋಡುತ್ತೇನೆ — ಕಿಟಕಿ! ಮುರಿದ ಚಿಲಕಕ್ಕೆ ಅವಳ ಗಂಡ ಬಿಗಿದು ಕಟ್ಟಿದ್ದಾನೆ ಪುಣ್ಯಾತ್ಮ, ಗಂಟಿನ ಮೇಲೆ ಗಂಟು, ಉಗುರು ಹೋದರೆ ಹೋಗಲಿ, ಬಿಚ್ಚಿತು, ಕಿಟಕಿ ಬಡಿದುಕೊಳ್ಳಲಿ.

ಕೂತಿತು, ಎರಡೂ ಕಡೆ. ಅಂಗೈ ಕೆಳಗೆ ಸಣ್ಣ ನಡುಕ, ಒಳಗೇನೋ ಸುತ್ತುತ್ತಿದೆ, ಪರದೆಯ ಮೇಲೆ ಪಾಠ ಎಂಬ ಹೆಸರು, ಒತ್ತಿದೆ — ಕ್ಲಚ್ ಬಿಡಿ, ನಿಧಾನ, ನಿಧಾನ ಅಂದೆ, ಗಾಡಿ ಏನ್ ನಿಮ್ಮನ್ನ ಬಿಟ್ಟು ಓಡಿಹೋಗಲ್ಲ — ಅವಳೇ, ಆ ಒರಟು, ಆ ಕೊನೆಯಲ್ಲಿ ತಡೆದ ನಗು, ಅವಳೇ. ಚಾಕು ನಿಂತಿದೆ. ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಕೈಯಲ್ಲಿ ಅರ್ಧ ಕ್ಯಾರೆಟ್, ಸಿಕ್ಕಿತು ಕಣೇ, ಇಷ್ಟು ಸಾಕು ಆಸ್ಪತ್ರೆಯವರಿಗೆ, ಅವಳು ಇನ್ನೊಮ್ಮೆ ಎಂದು ಬೆರಳು ತೋರಿಸುತ್ತಾಳೆ, ಒತ್ತುತ್ತೇನೆ, ಕ್ಲಚ್ ಬಿಡಿ, ಅವಳ ತುಟಿ, ನಿಧಾನ, ತುಟಿ ಅದೇ ಮಾತಿಗೆ ಆಡುತ್ತಿದೆ, ಇನ್ನೊಮ್ಮೆ, ಒತ್ತುತ್ತೇನೆ, ಕ್ಲಚ್ ಬಿಡಿ, ತುಟಿ, ದನಿಗಿಂತ ಒಂದೆಳೆ ಮುಂದೆ, ಸದ್ದಿಲ್ಲದ ಆ ತುಟಿ